ಹೋಗುವಾಗ ನೇರ, ಬರುವಾಗ ಸೊಟ್ಟ

ಈಜುಕೊಳದ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದುದು ಮೊಸಳೆ ಸರ್ ಅಂತ. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ನೀರಿನ ಮೇಲೆ ಪಿಸುಮಾತು ಕೂಡ ಆಚೆ ದಡ ಮುಟ್ಟುತ್ತದೆ. ಹಾಗೆ ಆ ಹೆಸರು ಅವರ ಕಿವಿಗೂ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಸಿಟ್ಟೇನೂ ಬರಲಿಲ್ಲ, ಒಳಗೊಳಗೇ ಹಿಗ್ಗಿದರು. ಈಜು ಕಲಿಸುವವರಿಗೆ ಬಾತುಕೋಳಿ ಅಂತ ಹೆಸರು ಬಿದ್ದಿದ್ದರೆ ತಲೆ ಎತ್ತಿಕೊಂಡು ಓಡಾಡುವುದು ಹೇಗೆ ಹೇಳಿ?

ಹೆಸರಿಗೆ ಕಾರಣ ಇತ್ತು. ಕೊಳದ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಅವರು, ತೊಡೆಯ ಮೇಲೆ ಸ್ಟಾಪ್‌ವಾಚು, ಕಣ್ಣು ಅರ್ಧ ಮುಚ್ಚಿದ್ದು. ನಿದ್ದೆ ಹೊಡೆಯುತ್ತಿದ್ದಾರೆ ಅಂತ ಧೈರ್ಯ ಮಾಡಿ ಯಾರಾದರೂ ಲೇನಿನ ಹಗ್ಗ ಹಿಡಿದು ಸ್ವಲ್ಪ ಉಸಿರು ಸುಧಾರಿಸಿಕೊಂಡರೋ, ಮುಗಿಯಿತು. ಸೀಟಿ ಎಂಥ ಜೋರಾಗಿ ಕೂಗುತ್ತಿತ್ತೆಂದರೆ, ಪಂಪ್ ರೂಮಿನ ಮಾಡಿನ ಮೇಲೆ ಕೂತ ಪಾರಿವಾಳಗಳು ಎದ್ದು ಹೋಗಿ ಪಕ್ಕದ ಊರಿನಲ್ಲಿ ಸಂಸಾರ ಹೂಡುತ್ತಿದ್ದವು.

ಇನ್ನು ಅವರ ಬಲಗೈ. ಅದರದ್ದೇ ಒಂದು ಪುರಾಣ. ನೆಲದ ಮೇಲೆ ಆ ಕೈಗೆ ಏನೂ ಆಗಿರಲಿಲ್ಲ. ಅಂಗಿಯ ಗುಂಡಿ ಹಾಕುತ್ತಿತ್ತು, ಟೀ ಲೋಟ ಎತ್ತುತ್ತಿತ್ತು, ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬೀಳುತ್ತಿತ್ತು. ಈಜಿನ ಮಾತು ಬಂದರೆ ಮಾತ್ರ ಅದಕ್ಕೆ ಬೇರೆ ಬುದ್ಧಿ. ಫ್ರೀಸ್ಟೈಲ್ ಈಜುವಾಗ ಮೊಣಕೈ ಮೇಲಾಗಿ, ಕೈ ಕಿವಿಯ ಪಕ್ಕದಲ್ಲೇ ಹಾದು ಮುಂದೆ ಹೋಗಬೇಕು. ಅವರ ಎಡಗೈ ಹಾಗೇ ಹೋಗುತ್ತಿತ್ತು, ಪಾಪದ್ದು. ಬಲಗೈ ಮಾತ್ರ ಹೊರಕ್ಕೆ ಚಾಚಿ, ಮೇಜಿನ ಮೇಲಿನ ಚೂರುಪಾರನ್ನೆಲ್ಲ ಒಂದೇ ಸಲಕ್ಕೆ ಗುಡಿಸಿ ಬಿಸಾಡುವವರ ಹಾಗೆ ಅಗಲಕ್ಕೆ ಬೀಸಿ, ಆಮೇಲೆ ನೀರಿಗೆ ಬೀಳುತ್ತಿತ್ತು. ದಡದಲ್ಲಿ ನಿಂತು ಮಕ್ಕಳಿಗೆ ತೋರಿಸುವಾಗಲೂ ಅದೇ ಬೀಸು. ಪಕ್ಕದಲ್ಲಿ ನಿಂತವರು ಒಂದು ಹೆಜ್ಜೆ ಸರಿದೇ ನಿಲ್ಲಬೇಕು, ಇಲ್ಲವಾದರೆ ಕನ್ನಡಕ ನೀರುಪಾಲು.

"ಸರ್, ನಿಮ್ಮ ಕೈಗೆ ಏನಾಯ್ತು?" ಅಂತ ಹೊಸ ಮಕ್ಕಳು ಕೇಳುವುದು ಇದ್ದದ್ದೇ.

ಪುಟಾಣಿಗಳಿಗೆ ಅವರು ಹೇಳುತ್ತಿದ್ದ ಕಥೆಯಲ್ಲಿ ನಿಜವಾದ ಮೊಸಳೆಯೊಂದು ಇತ್ತು. ಅದು ಮರ್ಯಾದಸ್ಥ ಮೊಸಳೆ, ಪರಿಚಯ ಮಾಡಿಕೊಳ್ಳೋಣ ಅಂತ ಕೈ ಕುಲುಕಿತು, ಆಮೇಲೆ ಬಿಡುವುದನ್ನು ಮರೆಯಿತು. ಸ್ವಲ್ಪ ದೊಡ್ಡವರಿಗೆ, ಹಳ್ಳಕ್ಕೆ ಇಳಿದ ಬಸ್ಸನ್ನು ಒಂದೇ ಕೈಯಲ್ಲಿ ಎಳೆದ ಕಥೆ. ತಂದೆ ತಾಯಂದಿರಿಗೆ, "ಚಿಕ್ಕವನಿದ್ದಾಗ ಬಿದ್ದು ಮುರಿದಿತ್ತು" ಅಂತ ಚುಟುಕಾಗಿ. ಅದರಲ್ಲೂ ಒಮ್ಮೆ ಡೈವಿಂಗ್ ಹಲಗೆಯ ಏಣಿಯಿಂದ ಬಿದ್ದದ್ದಾದರೆ, ಇನ್ನೊಮ್ಮೆ ಪಂಪ್ ರೂಮಿನ ಮಾಡಿನಿಂದ. ಹೀಗೆ ಬುರುಡೆ ಬಿಡುತ್ತ ಬಿಡುತ್ತ, ನಿಜವಾಗಿ ಎಲ್ಲಿಂದ ಬಿದ್ದದ್ದು ಅನ್ನುವುದು ಅವರಿಗೇ ಮರೆತುಹೋಗಿತ್ತು. ಮುರಿದದ್ದಂತೂ ಖಾತ್ರಿ. ಮುರಿಯದೆ ಕೈ ಯಾಕೆ ಹಾಗೆ ಬೀಸುತ್ತದೆ?

ಅವರು ಹುಟ್ಟಿದ್ದೇ ಕೊಳದ ಹಿಂಬದಿಯ ಮನೆಯಲ್ಲಿ ಅನ್ನಬೇಕು. ಅಪ್ಪ ಅದೇ ಕೊಳದ ಪಂಪು ನೋಡಿಕೊಳ್ಳುವವರು. ಗೋಡೆಯ ಆಚೆ ಪಂಪು, ಈಚೆ ಸಂಸಾರ. ಅದರ ಗುಂಯ್ ಅನ್ನುವ ಸದ್ದಿಗೆ ಆ ಮನೆಯವರು ಎಷ್ಟು ಒಗ್ಗಿಹೋಗಿದ್ದರೆಂದರೆ, ಪಂಪು ನಿಂತರೆ ಎಲ್ಲರೂ ಬೆಚ್ಚಿ ಎದ್ದು ಕೂರುತ್ತಿದ್ದರು. ಕ್ಲೋರಿನ್ ವಾಸನೆ ಇಲ್ಲದ ನೀರು ಕುಡಿದರೆ ಹುಡುಗನಿಗೆ ಸಪ್ಪೆ ಅನ್ನಿಸುತ್ತಿತ್ತಂತೆ. ಆಗ ಅಲ್ಲಿ ಈಜು ಕಲಿಸುತ್ತಿದ್ದವರು ದೊಡ್ಡ ಮೇಷ್ಟ್ರು. ಪಂಪಿನವರ ಮಗ ನಡೆಯಲು ಕಲಿತನೋ ಇಲ್ಲವೋ, ಮೇಷ್ಟ್ರ ಹಿಂದೆ ಈಜಲು ಶುರು ಮಾಡಿದ. ಅವರು ಮುಂದೆ, ಇವನು ಅವರ ಕಾಲಿನ ನೊರೆಯಲ್ಲಿ.

ಹದಿಹರೆಯದಲ್ಲಿ ದೊಡ್ಡ ತಂಡದ ತರಬೇತಿ ಶಿಬಿರಕ್ಕೆ ಆಯ್ಕೆ ನಡೆದಾಗ ಇವರೂ ಹೋಗಿದ್ದರು. ಆಯ್ಕೆ ಮಾಡುವವರು ನೋಡಿ, "ವೇಗ ಇದೆ, ಆದ್ರೆ ಆ ಬಲಗೈ ಏನದು?" ಅಂದರು. ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ ಅಲ್ಲಿಂದಲೇ, "ಮುರಿದ ಕೈ ಸ್ವಾಮಿ!" ಅಂತ ಕೂಗಿದರು. ಎಲ್ಲರೂ ಲೊಚಗುಟ್ಟಿದರು, ಹುಡುಗನ ಬೆನ್ನು ತಟ್ಟಿ ಮನೆಗೆ ಕಳಿಸಿದರು. ಮುರಿದ ಕೈಗೆ ಯಾರು ತಾನೆ ಏನು ಮಾಡುತ್ತಾರೆ?

ಆಮೇಲೆ ಅದೇ ಕೊಳದಲ್ಲಿ ಜೀವರಕ್ಷಕನ ಕೆಲಸ ಸಿಕ್ಕಿತು. ಆ ಕೆಲಸದಲ್ಲಿ ಅವರು ಮಾಡಿದ ಒಂದೇ ಒಂದು ಸಾಹಸವನ್ನು ಹೇಳದೆ ಬಿಡುವಂತಿಲ್ಲ. ಆಳದ ಕಡೆ ಕಪ್ಪು ತಲೆಯೊಂದು ಮುಳುಗುತ್ತಿರುವುದು ಕಂಡು, ಬಟ್ಟೆ ಸಮೇತ ಧುಮುಕಿ, ಜುಟ್ಟು ಹಿಡಿದು ಎಳೆದು ತಂದರು. ದಡಕ್ಕೆ ಬಂದು ನೋಡಿದರೆ ಕೈಯಲ್ಲಿ ಬರೀ ಜುಟ್ಟು. ವಿಗ್ಗಿನ ಯಜಮಾನರು ಆಚೆ ಮೂಲೆಯಲ್ಲಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು, ಕುತ್ತಿಗೆವರೆಗೆ ನೀರಲ್ಲಿ ನಿಂತಿದ್ದರು. ಜನ ಚಪ್ಪಾಳೆ ಹೊಡೆದದ್ದು ಯಾರಿಗೆ ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ದೊಡ್ಡ ಮೇಷ್ಟ್ರಿಗೆ ವಯಸ್ಸಾಗಿ ಮೆಟ್ಟಿಲು ಇಳಿಯುವುದು ಕಷ್ಟವಾದಾಗ ಸೀಟಿ ಬಿಚ್ಚಿ ಇವರ ಕೊರಳಿಗೆ ಹಾಕಿದರು. ಹೀಗೆ ಇವರು ಸರ್ ಆದರು, ಮೊಸಳೆ ಸರ್ ಆದರು, ತಲೆ ನರೆಯಿತು.

ಈಗ ಮಿಂಚುಳ್ಳಿಯ ವಿಷಯ. ಸರ್ ಇಟ್ಟ ಅಡ್ಡಹೆಸರು ಅದು. ಬಸ್ ಕಂಡಕ್ಟರಮ್ಮನ ಮಗಳು, ಕಡ್ಡಿಯಂಥ ಹುಡುಗಿ. ನೀರಿಗೆ ಬಿದ್ದರೆ ಮಾತ್ರ ಕಣ್ಣಿಗೆ ಸಿಗುತ್ತಿರಲಿಲ್ಲ. ಆ ಕೊಳದಿಂದ ಶಿಬಿರಕ್ಕೆ ಅದುವರೆಗೆ ಒಂದು ಮಗುವೂ ಹೋಗಿರಲಿಲ್ಲ. ಇವಳು ಹೋಗುತ್ತಾಳೆ ಅಂತ ಸರ್ ಮನಸ್ಸಿನಲ್ಲೇ ಎಷ್ಟೋ ಸಲ ಅವಳನ್ನು ಬಸ್ಸು ಹತ್ತಿಸಿ ಕಳಿಸಿಯಾಗಿತ್ತು. ಆಯ್ಕೆಗೆ ಮುಂಚೆ ಒಂದು ಸಲ ಮಕ್ಕಳನ್ನು ನೋಡಿಕೊಂಡು ಹೋಗಲು ಸೆಲೆಕ್ಟರ್ ಮೇಡಂ ಬಂದರು. ಬಿಳಿ ಬೂಟು, ಕತ್ತರಿಸಿದ ಕೂದಲು, ಕಡಿಮೆ ಮಾತು.

ಮಕ್ಕಳು ಸಾಲಾಗಿ ಈಜಿದರು. ಮೇಡಂ ಮೊದಲು ಮಿಂಚುಳ್ಳಿಯನ್ನು ನೋಡಿದರು. ಆಮೇಲೆ ಪಕ್ಕದ ಲೇನು ನೋಡಿದರು. ಅದರ ಪಕ್ಕದ್ದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸರ್, ಇಲ್ಲಿ ಏನಾದ್ರೂ ಆಕ್ಸಿಡೆಂಟ್ ಆಗಿತ್ತಾ?"

"ಇಲ್ವಲ್ಲ ಮೇಡಂ, ಯಾಕೆ?"

"ಮತ್ತೆ ಎಲ್ಲಾ ಮಕ್ಕಳ ಬಲಗೈಯೂ ಹೇಗೆ ಒಟ್ಟಿಗೆ ಮುರೀತು?"

ಮೊಸಳೆ ಸರ್ ಕೊಳದ ಕಡೆ ತಿರುಗಿದರು. ಅಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತು ನೋಡಿದ ಕೊಳವೇ ಅದು. ಆದರೂ ಯಾರೋ ಆಗಷ್ಟೇ ಪರದೆ ಸರಿಸಿದ ಹಾಗಾಯಿತು. ಇದ್ದಬದ್ದ ಮಕ್ಕಳೆಲ್ಲ, ಆರು ವರ್ಷದ್ದರಿಂದ ಹಿಡಿದು ಮೀಸೆ ಚಿಗುರಿದವರವರೆಗೆ, ಎಡಗೈಯನ್ನು ಕಿವಿಯ ಪಕ್ಕದಲ್ಲಿ ಒಯ್ದು, ಬಲಗೈಯನ್ನು ಅಗಲಕ್ಕೆ ಬೀಸಿ, ಕಾಣದ ಮೇಜುಗಳನ್ನು ಒರೆಸುತ್ತಿದ್ದರು. ಸರ್ ಬಾಯಲ್ಲಿ ಹೇಳಿದ್ದು "ಮೊಣಕೈ ಮೇಲೆ, ಮೊಣಕೈ ಮೇಲೆ" ಅಂತಲೇ. ಆದರೆ ಮಕ್ಕಳು ಕಲಿತದ್ದು ಕಣ್ಣಿಗೆ ಕಂಡದ್ದನ್ನು.

ಮೇಡಂ ದನಿ ತಗ್ಗಿಸಿದರು. "ಆ ಹುಡುಗಿ ಚೆನ್ನಾಗಿದ್ದಾಳೆ. ಆದ್ರೆ ಹೀಗೇ ಬೀಸ್ತಾ ಹೋದ್ರೆ ಭುಜ ಬಾಳಿಕೆ ಬರಲ್ಲ. ಇನ್ನೊಂದು ತಿಂಗಳಿಗೆ ಆಯ್ಕೆ. ಕೈ ನೇರ ಮಾಡಿಸಿ ಕರ್ಕೊಂಡು ಬನ್ನಿ, ಜಾಗ ಅವಳದ್ದೇ. ಹೀಗೇ ಬಂದ್ರೆ ನನ್ನಿಂದ ಆಗಲ್ಲ."

ಒಂದು ತಿಂಗಳು. ಸರ್‌ಗೆ ತಲೆ ಬುಡ ತಿಳಿಯಲಿಲ್ಲ. ನೇರವಾದ ಕೈಯನ್ನು ತೋರಿಸಬೇಕಾದವರು ಅವರು. ಅವರ ಕೈಯೋ, ತೋರಿಸುವ ಹೊತ್ತಿಗೆ ಸರಿಯಾಗಿ ಬಾಲ ಬಿಚ್ಚುತ್ತಿತ್ತು. ಮಾರನೆಯ ಬೆಳಿಗ್ಗೆ ಅವರಿಗೆ ಒಂದು ಉಪಾಯ ಹೊಳೆಯಿತು. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡು, ಎಡಗೈ ಒಂದರಲ್ಲೇ ಪಾಠ ಮಾಡಿದರು. "ಬಲಗೈನೂ ಹೀಗೇ ಅಂತ ತಿಳ್ಕೊಳ್ಳಿ" ಅಂದರು. ಸೀಟಿ ಊದಿದರು. ಅಷ್ಟೂ ಮಕ್ಕಳು ಬಲಗೈಯನ್ನು ತೊಡೆಗೆ ಅಂಟಿಸಿಕೊಂಡು, ಎಡಗೈ ಒಂದನ್ನೇ ಬಡಿಯುತ್ತ, ನೀರಲ್ಲಿ ಗಿರಗಿರ ಸುತ್ತತೊಡಗಿದರು. ಒಬ್ಬರೂ ನೇರವಾಗಿ ಹೋಗಲಿಲ್ಲ. ಲೇನಿನ ಹಗ್ಗಗಳೆಲ್ಲ ಜಡೆ ಹೆಣೆದ ಹಾಗಾದವು.

"ಜೇಬಿಂದ ಕೈ ತೆಗೀರಿ ಸರ್, ತಲೆ ತಿರುಗ್ತಿದೆ!" ಅಂತ ಮಿಂಚುಳ್ಳಿ ನೀರು ಉಗುಳುತ್ತ ಕೂಗಿದಳು.

ಕೊನೆಗೆ ಸರ್ ಮೂಳೆ ಡಾಕ್ಟರ ಹತ್ತಿರ ಹೋದರು. ಹಳೇ ಮುರಿತವನ್ನು ಈಗಲಾದರೂ ಸರಿ ಮಾಡಲು ಆಗುತ್ತದಾ ಅಂತ ಕೇಳೋಣ ಅನ್ನುವುದು ಅವರ ಲೆಕ್ಕ. ಡಾಕ್ಟರು ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲ್ಲಿ ಮುರಿದಿತ್ತು ಅಂದ್ರಿ?"

"ಭುಜದ ಹತ್ರ ಇರ್ಬೇಕು."

"ಇರ್ಬೇಕು ಅಂದ್ರೆ?"

"ಏಣಿಯಿಂದ ಬಿದ್ದೆ. ಅಥವಾ ಮಾಡಿನಿಂದ."

ಡಾಕ್ಟರು ಅವರನ್ನು ಒಂದು ಥರ ನೋಡಿದರು. "ಏಣಿನೂ ಇಲ್ಲ, ಮಾಡೂ ಇಲ್ಲ. ಈ ಮೂಳೆ ಯಾವತ್ತೂ ಮುರಿದಿಲ್ಲ. ಇಂಥ ಭುಜ ನನಗಿದ್ದಿದ್ರೆ ನಾನೂ ಈಜ್ತಿದ್ದೆ. ಹೋಗಿ ಬನ್ನಿ."

ಆಸ್ಪತ್ರೆಯಿಂದ ಹೊರಗೆ ಬಂದ ಮೊಸಳೆ ಸರ್ ಇಂಗು ತಿಂದ ಮಂಗನ ಹಾಗೆ ರಸ್ತೆ ಬದಿ ನಿಂತುಬಿಟ್ಟರು. ಕೈ ಸರಿ ಇದೆ ಅಂತ ಸಂತೋಷ ಪಡಬೇಕೋ, ಮುರಿದಿಲ್ಲವಲ್ಲ ಅಂತ ಅಳಬೇಕೋ? ಇಷ್ಟು ದಿನ ಅವರು ಕೈಗೆ ಕ್ಷಮೆ ಕೊಟ್ಟು ಸಾಕಿದ್ದರು. ಈಗ ನೋಡಿದರೆ ಅದು ಕಳ್ಳ ನೆಪ ಹೇಳಿಕೊಂಡು ಮನೆಯಲ್ಲೇ ಉಂಡುಕೊಂಡಿದ್ದ ನೆಂಟನ ಹಾಗೆ ಕಂಡಿತು. ಎರಡು ಬಸ್ಸು ಬಂದವು, ಹೋದವು. ಮೂರನೆಯದನ್ನು ಹತ್ತಿ ನೇರವಾಗಿ ಅಕ್ಕನ ಮನೆಗೆ ಹೋದರು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಷ್ಟು ವರ್ಷ ಬೇರೆಯವರ ಮಾತು ಜೋಡಿಸಿ ಕೊಟ್ಟದ್ದಕ್ಕೋ ಏನೋ, ಈಗ ತಮ್ಮ ಮಾತಿಗೆ ಯಾರೂ ಅಡ್ಡ ಬರುವಂತಿರಲಿಲ್ಲ. ಬಾಗಿಲು ತೆಗೆದವರೇ, "ಏನೋ, ಮುಖ ಒಗೆದು ಹಿಂಡಿದ ಬಟ್ಟೆ ಥರ ಆಗಿದೆ? ಬಾ, ಟೀ ಕುಡಿ" ಅಂದರು.

"ಅಕ್ಕಾ, ನಾನು ಚಿಕ್ಕವನಿದ್ದಾಗ ಎಲ್ಲಿಂದ ಬಿದ್ದೆ?"

"ಮಂಚದಿಂದ. ದಿನಾ ಬೀಳ್ತಿದ್ದೆ."

"ಅದಲ್ಲ ಕಣೇ. ಕೈ ಮುರಿದದ್ದು?"

"ಕೈ ಯಾವಾಗ ಮುರ್ಕೊಂಡೆ ನೀನು?"

ಸರ್ ಎಕ್ಸ್‌ರೇಯನ್ನು ಅಕ್ಕನ ಮುಂದೆ ಹಿಡಿದರು. ಅಕ್ಕ ಅದನ್ನು ತಲೆಕೆಳಗಾಗಿ ಹಿಡಿದು, ಕಿಟಕಿಯ ಬೆಳಕಿನಲ್ಲಿ ನೋಡಿ, "ಚೆನ್ನಾಗಿ ಬಂದಿದೆ, ಮುಖ ಕಾಣಲ್ಲ ಅಷ್ಟೇ" ಅಂದರು. ಆಮೇಲೆ ತಮ್ಮನ ಕಣ್ಣು ನೋಡಿ ತಮಾಷೆ ಬಿಟ್ಟರು.

"ನೀನು ಹಾಗೆಲ್ಲ ಬಿದ್ದೇ ಇಲ್ವೋ ಮಾರಾಯ. ಜನ ಎಲ್ಲ 'ನಿಮ್ಮ ಮಗನ ಕೈ ಯಾಕೆ ಹಾಗೆ' ಅಂತ ಕೇಳಿ ಕೇಳಿ ಸಾಕಾಗಿ ಅಮ್ಮ ಬಿದ್ದ ಅಂತ ಹೇಳೋಕೆ ಶುರು ಮಾಡಿದ್ಲು. ಕೇಳ್ದೋರು ಎಲ್ಲಿಂದ ಬಿದ್ದ ಅಂತ ಕೇಳಿದ್ರೆ, ಆವತ್ತು ಬಾಯಿಗೆ ಬಂದದ್ದು."

"ಮತ್ತೆ ನನ್ನ ಕೈ?"

"ನಿನ್ನ ಕೈ ಎಲ್ಲೋ ಅದು? ದೊಡ್ಡ ಮೇಷ್ಟ್ರ ಕೈ ಅದು! ಅವ್ರು ಈಜ್ತಿದ್ದದ್ದೇ ಹಾಗೆ. ಅವ್ರ ಹಿಂದೆ ಬಾಲದ ಹಾಗೆ ಸುತ್ತಿ ಸುತ್ತಿ ನೀನೂ ಹಾಗೇ ಬೀಸ್ತಿದ್ದೆ. ದಡದಿಂದ ನೋಡಿದ್ರೆ ದೊಡ್ಡದೊಂದು ಮೇಷ್ಟ್ರು, ಚಿಕ್ಕದೊಂದು ಮೇಷ್ಟ್ರು. ನಾವೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ."

"ಹಾಗಾದ್ರೆ ಮೇಷ್ಟ್ರ ಕೈ ಮುರಿದಿತ್ತು."

"ಅದೇ ಕೈಯಲ್ಲಿ ಸೈಕಲ್ ಎತ್ಕೊಂಡು ಮೆಟ್ಟಿಲು ಹತ್ತೋರು. ಅವ್ರಿಗೆ ಕಲಿಸಿದೋರು ಹಾಗೆ ಈಜ್ತಿದ್ರೋ ಏನೋ. ಅವ್ರಿಗೆ ಕಲಿಸಿದೋರು ಇನ್ನು ಹೇಗೋ. ನಂಗೇನು ಗೊತ್ತು? ಹುಡುಕ್ತಾ ಹೋದ್ರೆ ಕೊನೆಗೆ ಯಾವುದೋ ಮೀನು ಸಿಗುತ್ತೆ."

ಸರ್ ಮುಂದಿದ್ದ ಟೀ ಆರಿಹೋಯಿತು. ಶಿಬಿರದ ಆಯ್ಕೆ ತಪ್ಪಿದ್ದು ಮುರಿದ ಕೈಯಿಂದ ಅಲ್ಲ. ಮೇಷ್ಟ್ರ ಮೇಲಿನ ಪ್ರೀತಿಯಿಂದ. ಆ ಪ್ರೀತಿಯ ಮೇಲೆ ಸಿಟ್ಟಾಗಬೇಕಾ? ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರದ್ದು ಅಂತ ಇವರ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಇದೊಂದು ಬೀಸು. ಅದನ್ನೂ ಈಗ ತೊಳೆದು ಹಾಕಬೇಕು, ಇಲ್ಲವಾದರೆ ಮಿಂಚುಳ್ಳಿಯ ಜಾಗ ಹೋಗುತ್ತದೆ, ಭುಜವೂ ಹೋಗುತ್ತದೆ. ಹುಡುಗಿಯ ಭುಜ ನೆನಪಾದ ಮೇಲೆ ಸರ್ ಎದ್ದರು.

"ಟೀ ಕುಡಿಯೋ!" ಅಂದರು ಅಕ್ಕ.

"ಬೇಡ ಅಕ್ಕಾ, ತಲೆಯಲ್ಲಿ ಜಾಗ ಇಲ್ಲ."

"ಟೀ ತಲೆಗಾ ಹೋಗೋದು?" ಅಂತ ಅಕ್ಕ ಬಾಗಿಲವರೆಗೂ ಗೊಣಗಿದರು.

ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ಅಭ್ಯಾಸ ಶುರುವಾಯಿತು. ಮೊಣಕೈ ಮೇಲೆ, ಕೈ ಕಿವಿಯ ಪಕ್ಕ. ನಿಧಾನವಾಗಿ ಮಾಡಿದರೆ ಸರಿಯಾಗಿ ಹೋಗುತ್ತಿತ್ತು. ಸ್ವಲ್ಪ ವೇಗ ಮಾಡಿದರೆ ದೊಡ್ಡ ಮೇಷ್ಟ್ರು ಒಳಗಿಂದ ಎದ್ದು ಬರುತ್ತಿದ್ದರು, ಕೈ ಬೀರುವಿನ ಬಾಗಿಲಿಗೆ ಢಣ್ ಅಂತ ಬಡಿಯುತ್ತಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಇದನ್ನೆಲ್ಲ ನೋಡುತ್ತಿದ್ದರು.

"ರೀ, ಬೀರು ಜೊತೆ ಏನು ಜಗಳ ನಿಮ್ದು?"

"ಕೈ ತಿದ್ತಾ ಇದ್ದೀನಿ ಕಣೇ."

"ಮದುವೆ ಆದಾಗಿಂದ ನಾನು ತಿದ್ದೋಕೆ ನೋಡ್ತಿದ್ದೀನಿ, ಒಂದು ಬೆರಳು ತಿರುಗಿಲ್ಲ. ಬೀರುವಿಗೆ ಬಗ್ಗುತ್ತಾ?"

ಮತ್ತೊಂದು ಢಣ್. ಕೈ ಉಜ್ಜಿಕೊಳ್ಳುತ್ತ ನಿಂತ ಸರ್ ಬೀರುವನ್ನೇ ನೋಡಿದರು. ನಿಜ ಅಲ್ಲವಾ? ಪಕ್ಕದಲ್ಲಿ ಬೀರು ಇದ್ದರೆ ಕೈ ಅಗಲಕ್ಕೆ ಹೋಗಲು ಜಾಗವೇ ಇಲ್ಲ. ಕೊಳದಲ್ಲಿ ಬೀರು ಇಲ್ಲದಿದ್ದರೇನು, ಗೋಡೆ ಇದೆಯಲ್ಲ!

ಮಾರನೆಯ ದಿನ ಸರ್ ಕುರ್ಚಿಯನ್ನು ಬದಿಗಿಟ್ಟು ತಾವೇ ನೀರಿಗಿಳಿದರು. ಮಕ್ಕಳೆಲ್ಲ ಈಜುವುದು ಬಿಟ್ಟು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡಿದರು. ಮೊಸಳೆ ನೀರಿಗೆ ಬಂದಿದೆ ಅಂತ ಒಬ್ಬಳು ಪುಟ್ಟಿ ಏಣಿ ಹತ್ತಿ ದಡ ಸೇರಿದಳು. ಮಿಂಚುಳ್ಳಿಯನ್ನು ಕರೆದು ಸರ್ ಹೇಳಿದರು: "ನೀನು ಗೋಡೆ ಪಕ್ಕದ ಲೇನು. ಗೋಡೆಗೆ ಒತ್ತಿಕೊಂಡೇ ಹೋಗ್ಬೇಕು. ಕೈ ಅಗಲಕ್ಕೆ ಹೋದ್ರೆ ಗೋಡೆ ತಾನಾಗಿ ಬುದ್ಧಿ ಹೇಳುತ್ತೆ. ನಾನೂ ನಿನ್ನ ಹಿಂದೆ ಬರ್ತೀನಿ."

"ನೀವ್ಯಾಕೆ ಸರ್?"

"ನಂಗೂ ಬುದ್ಧಿ ಬೇಕು."

ಅವಳು ಮುಂದೆ, ಅವರು ಅವಳ ಕಾಲಿನ ನೊರೆಯಲ್ಲಿ. ಗೋಡೆ ಬುದ್ಧಿ ಹೇಳಿತು. ಮೊದಲ ದಿನವೇ ಇಬ್ಬರ ಬೆರಳ ಗೆಣ್ಣುಗಳೂ ತರಚಿ ಕೆಂಪಾದವು. ಹೆಂಡತಿ ಅಂಗಡಿಯಿಂದ ಮುಲಾಮು, ಪಟ್ಟಿ ತಂದು ಸುತ್ತಿ, "ಕುಸ್ತಿ ಕಲಿಸೋಕೆ ಹೋಗ್ತಿದ್ದೀರಾ ಈಜು ಕಲಿಸೋಕಾ?" ಅಂದರು. ದಿನ ಕಳೆದಂತೆ ಗೆಣ್ಣು ತರಚುವುದು ಕಡಿಮೆಯಾಯಿತು. ಕೈ ಗೋಡೆಗೆ ಹೆದರಿ ಮೊಣಕೈ ಮೇಲೆತ್ತಿ, ಕಿವಿಯ ಪಕ್ಕದಲ್ಲೇ ನುಸುಳಲು ಕಲಿಯಿತು. ಹುಡುಗಿಗೆ ಬೇಗ ಬಂತು, ಸರ್‌ಗೆ ತಡವಾಗಿ ಬಂತು. ಗೋಡೆಯ ಪಕ್ಕ ಒಂದು ದಿನ ಗೆಣ್ಣು ತಾಗದೆ ಆ ತುದಿ ಮುಟ್ಟಿದಾಗ ಅವರಿಗೆ ಗೆದ್ದೆ ಅನ್ನಿಸಬೇಕಿತ್ತು. ಬದಲಿಗೆ ಯಾರನ್ನೋ ಹಿಂದೆ ಬಿಟ್ಟು ಬಂದ ಹಾಗಾಗಿ, ತಿರುಗಿ ನೋಡಿದರು. ಹಿಂದೆ ಖಾಲಿ ನೀರು.

ಆದರೆ ಇಲ್ಲೊಂದು ಎಡವಟ್ಟು ಆಗಿಹೋಗಿತ್ತು. ಹೋಗುವಾಗ ಗೋಡೆ ಬಲಕ್ಕೆ. ಆ ತುದಿ ಮುಟ್ಟಿ ಅದೇ ಲೇನಿನಲ್ಲಿ ತಿರುಗಿ ಬರುವಾಗ ಗೋಡೆ ಎಡಕ್ಕೆ! ಬಲಗೈಯ ಕಡೆ ಬರೀ ಹಗ್ಗ, ಬರೀ ನೀರು, ಎಷ್ಟು ಬೇಕಾದರೂ ಬೀಸಿಕೊಳ್ಳಬಹುದು. ಎದುರು ದಡದ ಗೋಡೆಯ ಪಕ್ಕ ಬರೋಣವೆಂದರೆ ಅಲ್ಲಿ ಏಣಿಗಳು, ಪುಟಾಣಿಗಳು ಜೋತುಬೀಳುವ ಕಂಬಿಗಳು. ಹಾಗಾಗಿ ದಿನಾ ಇದೇ ಲೇನು. ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರೆ ಯಾವ ಕೋಚಿಗೂ ಇದು ಕಣ್ಣಿಗೆ ಹೊಡೆಯುತ್ತಿತ್ತು. ದಡದಲ್ಲಿ ಕೂರಬೇಕಾದವರು ಮುಖವನ್ನು ನೀರಲ್ಲಿ ಅದ್ದಿಕೊಂಡು, ಮುಂದೆ ಇದ್ದವಳ ಅಂಗಾಲು ನೋಡುತ್ತಿದ್ದರು.

ಆಯ್ಕೆಯ ದಿನ ದೊಡ್ಡ ಕೊಳದ ಮೆಟ್ಟಿಲುಗಳ ಮೇಲೆ ಜನ. ಕಂಡಕ್ಟರಮ್ಮ ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದು ಸರ್ ಪಕ್ಕ ಕೂತರು. ಮಿಂಚುಳ್ಳಿಗೆ ನಡುವಿನ ಲೇನು ಸಿಕ್ಕಿತ್ತು, ಅತ್ತಲೂ ಗೋಡೆ ಇಲ್ಲ, ಇತ್ತಲೂ ಇಲ್ಲ. ಸದ್ದು ಕೇಳಿದ್ದೇ ಹಾರಿದಳು. ಮೊಣಕೈ ಮೇಲೆ, ಕೈ ಕಿವಿಯ ಪಕ್ಕ, ಪುಸ್ತಕದಲ್ಲಿ ಬರೆದ ಚಿತ್ರದ ಹಾಗೆ! ಮುಂದಿದ್ದವರಿಗಿಂತ ಸ್ವಲ್ಪ ಹಿಂದೆ ಇದ್ದಳು, ಇರಲಿ. ಸರ್ ಕಣ್ಣಲ್ಲಿ ನೀರು ಬಂತು. ಆ ತುದಿ ಮುಟ್ಟಿದಳು, ತಿರುಗಿದಳು.

ತಿರುಗಿದ್ದೇ ತಡ, ಬಲಗೈ ಅಗಲಕ್ಕೆ ಬಿಚ್ಚಿಕೊಂಡು ಮೇಜು ಒರೆಸತೊಡಗಿತು.

ಸರ್ ಎದ್ದು ನಿಂತರು. ಹುಡುಗಿ ಮೇಜು ಒರೆಸುತ್ತ ಒರೆಸುತ್ತ ಮುಂದಿದ್ದವರನ್ನೆಲ್ಲ ಹಿಂದೆ ಹಾಕಿದಳು. ಮತ್ತೆ ಈ ತುದಿ ಮುಟ್ಟಿ ತಿರುಗಿದಳು, ಕೈ ನೇರವಾಯಿತು. ಮತ್ತೆ ಆ ತುದಿ, ಕೈ ಸೊಟ್ಟ. ಸರ್ ಒಮ್ಮೆ ಕೂರುತ್ತಿದ್ದರು, ಒಮ್ಮೆ ಏಳುತ್ತಿದ್ದರು.

"ಏನು ಸರ್, ಒಳ್ಳೇದಾಗ್ತಿದೆಯಾ ಕೆಟ್ಟದ್ದಾಗ್ತಿದೆಯಾ?" ಅಂತ ಕಂಡಕ್ಟರಮ್ಮ ಅವರ ತೋಳು ಜಗ್ಗಿದರು.

"ಎರಡೂ ಆಗ್ತಿದೆ ಅಮ್ಮಾ, ಒಂದಾದ ಮೇಲೊಂದು."

ಮುಗಿದ ಮೇಲೆ ಸೆಲೆಕ್ಟರ್ ಮೇಡಂ ನೇರವಾಗಿ ಬಂದರು. "ಸರ್, ನಿಮ್ಮ ಹುಡುಗಿಗೆ ಅವಳಿ ಯಾರಾದ್ರೂ ಇದ್ದಾಳಾ? ಹೋಗ್ತಾ ಒಬ್ಳು, ಬರ್ತಾ ಇನ್ನೊಬ್ಳು. ನೀರೊಳಗೆ ಅದಲು ಬದಲು ಮಾಡಿದ್ರಾ?"

ಸರ್ ಗೋಡೆಯ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಎಲ್ಲಿ ತಪ್ಪಿದ್ದು ಅನ್ನುವುದು ಅವರಿಗೆ ಆಗಲೇ ಹೊಳೆದು, ಮಾತು ಅರ್ಧಕ್ಕೆ ನಿಂತಿತು. ಸರ್ ಬೆರಳುಗಳಿಗೆ ಇನ್ನೂ ಸುತ್ತಿದ್ದ ಪಟ್ಟಿಯನ್ನು ಮೇಡಂ ನೋಡಿದರು. ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಡಿಮೆ ಮಾತಿನವರು ನಕ್ಕರೆ ನಿಲ್ಲುವುದಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು ಹೇಳಿದರು:

"ತಿಂಗಳಲ್ಲಿ ಅರ್ಧ ಕಲಿತೋಳು ಇನ್ನರ್ಧ ಕಲೀತಾಳೆ. ಅವಳನ್ನ ತಗೋತೀನಿ. ಆದ್ರೆ ಒಂದು ಮಾತು ಸರ್, ತಪ್ಪು ತಿಳೀಬೇಡಿ. ಇನ್ನು ಅವಳು ನಿಮ್ಮ ಕೊಳಕ್ಕೆ ಬರೋದು ಬೇಡ. ನೀವು ಈಜೋದನ್ನ ಅವಳು ನೋಡಬಾರದು. ನಿಮ್ಮನ್ನ ಕಂಡ್ರೆ ಅವಳಿಗೆ ತುಂಬಾ ಇಷ್ಟ, ಅದೇ ತೊಂದರೆ."

ಹೊಗಳಿದರೋ ಬೈದರೋ? ಸರ್ "ಆಗ್ಲಿ ಮೇಡಂ" ಅಂದರು.

"ಸರ್, ಸೀಟು ಸಿಕ್ತಾ?" ಕಂಡಕ್ಟರಮ್ಮ ಓಡಿ ಬಂದರು.

"ಸಿಕ್ತಮ್ಮ."

"ಮತ್ಯಾಕೆ ಸ್ಟಾಪು ದಾಟಿ ಇಳಿದೋರ ಥರ ಮುಖ?"

ಟವೆಲು ಹೊದ್ದುಕೊಂಡು ಬಂದ ಮಿಂಚುಳ್ಳಿ ಸರ್ ಎದುರು ನಿಂತಳು. ತುಟಿ ಚಳಿಗೆ ನಡುಗುತ್ತಿತ್ತು. "ಸರ್, ಸರಿಯಾಗಿ ಈಜಿದ್ನಾ?"

"ಅರ್ಧ ಸರಿ."

"ಯಾವ ಅರ್ಧ?"

"ಹೋಗೋ ಅರ್ಧ."

"ಆದ್ರೆ ಬರೋವಾಗಲೇ ಅಲ್ವಾ ಸರ್ ನಾನು ಎಲ್ಲರನ್ನೂ ಹಿಂದೆ ಹಾಕಿದ್ದು?"

ಸರ್ ಅವಳ ಟವೆಲನ್ನು ಭುಜದ ಮೇಲಕ್ಕೆ ಎಳೆದು ಹೊದಿಸಿದರು. "ಮೇಡಂ ಹೇಳಿದ ಹಾಗೆ ಕೇಳು. ಭುಜ ನೋಡ್ಕೋ" ಅಂದರು. ಇನ್ನು ಕೊಳಕ್ಕೆ ಬರಬೇಡ ಅಂತಲೂ ಹೇಳಬೇಕಿತ್ತು. ಅದನ್ನು ಕಂಡಕ್ಟರಮ್ಮನ ಕಿವಿಯಲ್ಲಿ ಹೇಳಿ ಅವರಿಗೇ ಬಿಟ್ಟು, ಹುಡುಗಿಯ ಒದ್ದೆ ತಲೆಯ ಮೇಲೆ ಎಡಗೈ ಇಟ್ಟು, ಬೇಗ ಬೇಗ ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ಕೊಳದ ಅಂಚಿನಲ್ಲಿ ಪುಟಾಣಿಗಳು ಸಾಲಾಗಿ ನಿಂತಿದ್ದವು. ಗೋಡೆ ಪಕ್ಕದ ಲೇನು ಖಾಲಿ ಇತ್ತು. ಸರ್ ಎಂದಿನಂತೆ ಅವರ ಎದುರು ಬಂದು ನಿಂತು, ಪಾಠ ಶುರು ಮಾಡಲು ಬಲಗೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಅಗಲಕ್ಕೆ ಬೀಸಿದರೆ ಇಷ್ಟು ಮಕ್ಕಳ ಭುಜಕ್ಕೆ ಕಷ್ಟ. ಕಿವಿಯ ಪಕ್ಕ ಒಯ್ದರೆ ಅದು ಇನ್ನೂ ಅರ್ಧ ಕಲಿತದ್ದು, ಎಲ್ಲಿ ಯಾವಾಗ ತಿರುಗಿಬೀಳುತ್ತದೋ.

"ಸರ್, ಕೈ ನೋವಾ?" ಅಂದಿತು ಒಂದು.

"ಸರ್ ಟ್ಯಾಕ್ಸಿ ನಿಲ್ಲಿಸ್ತಿದ್ದಾರೆ ಕಣೋ" ಅಂದಿತು ಇನ್ನೊಂದು.

ಸರ್ ಕೈ ಇಳಿಸಿದರು. ಸಾಲಿನ ಕೊನೆಯಲ್ಲಿ ಅದೇ ವಾರ ಸೇರಿದ್ದ ಒಬ್ಬಳು ಪುಟ್ಟಿ ಇದ್ದಳು. ಮುಂದಿನ ಹಲ್ಲು ಇರಲಿಲ್ಲ, ಟೋಪಿ ಕಣ್ಣಿನವರೆಗೆ ಇಳಿದಿತ್ತು. ಅವಳನ್ನು ಕರೆದರು. "ಬಾ ಇಲ್ಲಿ. ನೀನು ಈಜಿ ತೋರಿಸು."

"ನಂಗೆ ಬರಲ್ಲ ಸರ್!"

"ಅದಕ್ಕೇ ಕರೆದದ್ದು. ಇಲ್ಲಿ ನೀರು ನಿನ್ನ ಸೊಂಟದವರೆಗೇ ಇದೆ, ನಾನೂ ಪಕ್ಕದಲ್ಲೇ ಇರ್ತೀನಿ. ನಿಂಗೆ ಹೇಗೆ ತೋಚುತ್ತೋ ಹಾಗೆ ಹೋಗು."

ಪುಟ್ಟಿ ಮೂಗು ಹಿಡಿದುಕೊಂಡು ನೀರಿಗೆ ಬಿದ್ದಳು. ಎರಡು ಕೈಯನ್ನೂ ಒಟ್ಟಿಗೆ ಎತ್ತಿ ಬಟ್ಟೆ ಒಗೆಯುವ ಹಾಗೆ ನೀರನ್ನು ಬಡಿದಳು. ಒಂದು ಕಾಲು ಆಡಿತು, ಇನ್ನೊಂದು ಆಡಲೋ ಬೇಡವೋ ಅಂತ ಯೋಚಿಸಿತು. ಅದು ದೊಡ್ಡ ಮೇಷ್ಟ್ರ ಈಜೂ ಅಲ್ಲ, ಮೇಡಂ ಹೇಳಿದ ಈಜೂ ಅಲ್ಲ, ಈ ಭೂಮಿಯ ಮೇಲೆ ಯಾರೂ ಕಂಡದ್ದೂ ಅಲ್ಲ. ಆದರೂ ಹುಡುಗಿ ಮುಂದೆ ಹೋದಳು. ಕಂಬಿ ಹಿಡಿದು, ಟೋಪಿ ಸರಿಸಿ, ತಿರುಗಿ ನೋಡಿದಳು.

"ಸರೀನಾ ಸರ್?"

ಸಾಲಿನಲ್ಲಿದ್ದ ಮಕ್ಕಳೆಲ್ಲ ಸರ್ ಮುಖವನ್ನೇ ನೋಡುತ್ತಿದ್ದರು. ಸರ್ ಪ್ಯಾಂಟಿನ ಕಾಲು ಮೇಲಕ್ಕೆ ಮಡಿಸಿ, ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

"ತಡೀರೋ, ನಂಗೂ ಗೊತ್ತಾಗ್ಲಿಲ್ಲ" ಅಂದರು. "ಪುಟ್ಟೀ, ಇನ್ನೊಂದ್ಸಲ ಈ ಕಡೆಗೆ ಬಾ ನೋಡೋಣ."